ಯೇವಲಾದಲ್ಲಿ ನಿಲ್ಲದ ಗಾಡಿ

ಕಾರಿಗೆ ಯಾವ ಎಣ್ಣೆ ಹಾಕಬೇಕೆಂದು ತೀರ್ಮಾನಿಸಲು ಚಿದಂಬರ ಹಂಚಿನಾಳರು ಹನ್ನೊಂದು ದಿನ ತೆಗೆದುಕೊಂಡರು. ಅದು 2012ರ ಮಾರ್ಚ್. ಕಾರು 1997ರದು, ಬಿಳಿ ಬಣ್ಣದ್ದು. ಅಷ್ಟರಲ್ಲಿ ಎರಡು ಲಕ್ಷ ಮೂವತ್ತೊಂದು ಸಾವಿರ ಕಿಲೋಮೀಟರ್ ಓಡಿತ್ತು. ಇಂಜಿನ್ ಒಮ್ಮೆಯೂ ಬಿಚ್ಚಿರಲಿಲ್ಲ. ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಎಣ್ಣೆ ಸುಡುತ್ತಿತ್ತು.

ಚಿದಂಬರರು ಮುಂಡರಗಿಯವರು. ಮಹಾರಾಷ್ಟ್ರದಲ್ಲಿ ನಾಸಿಕ್ ಬಳಿಯ ಓಝರ್‌ನ ವಿಮಾನ ಕಾರ್ಖಾನೆಯ ಇಂಜಿನ್ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಟೆಕ್ನೀಷಿಯನ್ ಆಗಿದ್ದು, ನಿವೃತ್ತಿಯ ನಂತರ ಪಿಂಪಳಗಾಂವ್ ಬಸವಂತ್‌ನಲ್ಲಿ ಈರುಳ್ಳಿ ಮಾರುಕಟ್ಟೆಯ ಹಿಂದೆ ಮನೆ ಕಟ್ಟಿಕೊಂಡಿದ್ದರು. ಕಾರ್ಖಾನೆಯ ಶಿಸ್ತು ಮನೆಗೂ ಬಂದಿತ್ತು. ಕಾರಿಗೊಂದು ಲಾಗ್ ಬುಕ್ ಇತ್ತು. ತಾರೀಕು, ಮೀಟರ್, ಮಾಡಿದ ಕೆಲಸ, ದಾರಿಯಲ್ಲಿ ನಿಂತರೆ ನಿಂತ ಜಾಗ, ನಿಂತ ಕಾರಣ. ಪ್ರತಿ ಭಾನುವಾರ ಬೆಳಿಗ್ಗೆ ಎಣ್ಣೆಯ ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ಮಟ್ಟ ನೋಡುತ್ತಿದ್ದರು.

ಆ ವರ್ಷ ಫೆಬ್ರವರಿಯಿಂದ ಐದು ಭಾನುವಾರ ತಪ್ಪಿದವು. ಹೆಂಡತಿ ಪ್ರೇಮಾ ಅವರಿಗೆ ನಾಸಿಕ್‌ನಲ್ಲಿ ಹೊಟ್ಟೆಯ ಆಪರೇಷನ್ ಆಗಿತ್ತು. ಮುಂದಿನದು ಆರು ಡೋಸ್ ಕೀಮೊ, ಇಪ್ಪತ್ತೊಂದು ದಿನಕ್ಕೊಂದು. ಮಗಳು ಮಾಲವಿಕಾ ಚಿಕಲಠಾಣಾದಲ್ಲಿದ್ದಳು; ಅಳಿಯನಿಗೆ ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ. ಹಾಗಾಗಿ ಔಷಧ ಕೊಡಿಸುವುದು ಅಲ್ಲಿಯೇ ಎಂದಾಯಿತು. ಚಿಕಲಠಾಣಾ ಸೇರಿದ ಆ ದೊಡ್ಡ ಊರಿನ ಹೆಸರು ಆಗಿನ್ನೂ ಬದಲಾಗಿರಲಿಲ್ಲ, ಎಲ್ಲರೂ ಔರಂಗಾಬಾದ್ ಎನ್ನುತ್ತಿದ್ದರು. ಒಂದು ಕಡೆಗೆ ನೂರ ಎಪ್ಪತ್ತು ಕಿಲೋಮೀಟರ್.

ಪ್ರೇಮಾ ಬಸ್ ಬೇಡ ಎಂದರು. ಬಾಡಿಗೆ ಕಾರೂ ಬೇಡ. ಪರರ ಗಾಡಿಯಲ್ಲಿ ವಾಂತಿ ಮಾಡಿಕೊಂಡರೆ ಆ ಡ್ರೈವರಿನ ಮುಖ ನೋಡಬೇಕಲ್ಲ ಎಂಬುದು ಅವರ ಮಾತು. ಚಿದಂಬರರು ಮುಂದಿನ ಎಡ ಸೀಟನ್ನು ಹಿಂದಕ್ಕೆ ಮಲಗಿಸಿ, ಮೇಲೆ ಹತ್ತಿಯ ಗಾದಿ ಹಾಸಿದರು.

ಮೊದಲ ಡೋಸ್ ಮುಗಿಸಿ ಮಾರ್ಚ್ 7ಕ್ಕೆ ವಾಪಸು ಬರುವಾಗ ದಾರಿಯ ಯೇವಲಾ ಊರಿನಲ್ಲಿ ಎಣ್ಣೆಯ ಕೆಂಪು ದೀಪ ಮಿಣುಕಿತು. ಕಡ್ಡಿ ಎಳೆದರೆ ತುದಿಗೂ ಎಣ್ಣೆ ತಾಗಿರಲಿಲ್ಲ. ಅವರು ಎಣ್ಣೆ ತರಲು ನಡೆದುಹೋದ ಮುಕ್ಕಾಲು ಗಂಟೆ ಪ್ರೇಮಾ ಚಹಾ ಅಂಗಡಿಯೊಂದರ ಎದುರು ರಸ್ತೆಯ ಅಂಚಿನಲ್ಲಿ ಕೂತು ವಾಂತಿ ಮಾಡಿದರು. ಗಿರಾಕಿಗಳು ಗ್ಲಾಸು ಹಿಡಿದು ನೋಡುತ್ತ ನಿಂತಿದ್ದರು. ಅಂಗಡಿಯ ಅಲಕಾ ಎಂಬಾಕೆ ನೀರು ತಂದುಕೊಟ್ಟರು.

ಮನೆಯ ಗೇಟಿನ ಹತ್ತಿರ ಪ್ರೇಮಾ ಒಂದೇ ಮಾತು ಹೇಳಿದರು.

"ಇನ್ನ ಐದು ಸಲ ಹೋಗೂದೈತಿ. ಮತ್ತ ಹಿಂಗ ರಸ್ತ್ಯಾಗ ಕುಂದರಸಬ್ಯಾಡ್ರಿ."

"ಇಲ್ಲ" ಅಂದರು ಚಿದಂಬರ.

ಅಲ್ಲಿಂದ ಎಣ್ಣೆಯ ಕೆಲಸ ಶುರುವಾಯಿತು. ಪಿಂಪಳಗಾಂವ್‌ನ ಹೆದ್ದಾರಿ ಬದಿಯಲ್ಲಿ ಭುಜಂಗನ ಗ್ಯಾರೇಜ್. ಅವನು ಭಾಲ್ಕಿ ಕಡೆಯವನು, ಕನ್ನಡದಲ್ಲೇ ಬೈಯುವಷ್ಟು ಸಲುಗೆ ಇತ್ತು.

"ಮೊದಲಿನ ದಪ್ಪ ಎಣ್ಣೀನ ಹಾಕ್ರಿ. ಡಿಕ್ಕ್ಯಾಗ ಒಂದು ಡಬ್ಬಿ ಇಟಗೊಳ್ರಿ. ಕಡಿಮಿ ಆದ್ರ ಸುರೀರಿ. ಮುಗೀತು."

"ಸುರೀಲಿಕ್ಕೆ ನಿಲ್ಲಬೇಕಾಗತೈತಿ."

"ಹಂಗಾದ್ರ?"

"ಸಿಂಥೆಟಿಕ್ ಎಣ್ಣಿ ಹಾಕೋಣ ಅಂತ. ಕಾವಿಗೆ ತಡಕೊಂತೈತಿ. ಆವಿಯಾಗಿ ಹೋಗೂದು ಕಡಿಮಿ. ಈ ಬಿಸಲಾಗ ಮೂರ ತಾಸು ಒಂದ ಸವನ ಓಡಸೂದೈತಿ."

ಭುಜಂಗ ನಕ್ಕ. "ಸಾಹೇಬ್ರ, ಇದಕ್ಕ ರೆಕ್ಕಿ ಇಲ್ಲರಿ. ಹದಿನೈದು ವರ್ಷದ ಮಡ್ಡಿ ಕುಂತೈತಿ ಒಳಗ. ಹಳೇ ರಬ್ಬರ್ ಸೀಲ್ ಬಿರುಸಾಗ್ಯಾವು, ಆ ಮಡ್ಡೀನ ಅವಕ್ಕ ಮೆತ್ತಿಕೊಂಡು ತಡದೈತಿ. ನಿಮ್ಮ ಸಿಂಥೆಟಿಕ್ ಅದನ್ನ ಕರಗಸ್ತೈತಿ. ಆಮ್ಯಾಲ ತೊಟ್ಟ ತೊಟ್ಟ ಸೋರಿದ್ರ ನನ್ನ ಕೇಳಬ್ಯಾಡ್ರಿ."

ಅವನ ಮಾತು ಪೂರ್ತಿ ಸುಳ್ಳಲ್ಲವೆಂದು ಚಿದಂಬರರಿಗೆ ಗೊತ್ತಿತ್ತು. ಅಂಗಡಿಯಿಂದ ನಾಲ್ಕು ಬಗೆಯ ಡಬ್ಬಿ ನೋಡಲೆಂದು ತಂದು, ಊಟದ ಟೇಬಲ್ ಮೇಲೆ ಸಾಲಾಗಿಟ್ಟು, ಹಿಂಬದಿಯ ಸಣ್ಣ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿದರು. ಕಾರಿನ ಕೆಳಗೆ ರಟ್ಟು ಹಾಸಿ ರಾತ್ರಿಯಿಡೀ ಬಿಟ್ಟು ನೋಡಿದರು. ರಟ್ಟು ಒಣಗಿಯೇ ಇತ್ತು. ಅಂದರೆ ಎಣ್ಣೆ ಸೋರುತ್ತಿಲ್ಲ, ಸುಡುತ್ತಿದೆ. ಅದನ್ನು ಲಾಗ್ ಬುಕ್ಕಿನಲ್ಲಿ ಬರೆದರು. ಅದೇ ಟೇಬಲ್ಲಿನ ಇನ್ನೊಂದು ತುದಿಯಲ್ಲಿ ಆಸ್ಪತ್ರೆಯ ನೀಲಿ ಫೈಲ್ ಇತ್ತು.

ಪ್ರೇಮಾ ಮಂಚದಿಂದಲೇ ನೋಡುತ್ತಿದ್ದರು. "ಏನ್ರಿ, ನನ್ನ ರಿಪೋರ್ಟ್ ಒಂದು ದಿನ ತಗದು ನೋಡಲಿಲ್ಲ ನೀವು. ಈ ಡಬ್ಬಿ ಮೂರ ಸಲ ಓದಿದ್ರಿ."

"ಅದು ನನಗ ತಿಳಿಯೂದಿಲ್ಲ."

"ತಿಳೀತೈತಿ. ಇಂಗ್ಲಿಷನ್ಯಾಗ ಐತಿ."

ಅವರು ಫೈಲ್ ತೆಗೆಯಲಿಲ್ಲ. ಮಾರನೇ ದಿನ ಸಿಂಥೆಟಿಕ್‌ನ ಎರಡು ಡಬ್ಬಿ ಕೊಂಡರು. ಒಂದು ಇಂಜಿನ್‌ಗೆ, ಒಂದು ಡಿಕ್ಕಿಗೆ.

ಆಯ್ಕೆಯಲ್ಲಿ ತಪ್ಪಿರಲಿಲ್ಲ. ತಪ್ಪಾದದ್ದು ಮಾರ್ಚ್ 24ರ ಬೆಳಿಗ್ಗೆ, ಮನೆಯ ಅಂಗಳದಲ್ಲಿ. ಕಾರ್ಖಾನೆಯಲ್ಲಿ ಒಂದು ಜಾತಿಯ ಎಣ್ಣೆಯಿಂದ ಇನ್ನೊಂದಕ್ಕೆ ಹೋಗುವಾಗ ಹಳೆಯದರ ಹನಿಯೂ ಉಳಿಯದಂತೆ ಒಳಗೆಲ್ಲ ತೊಳೆಯುವುದು ಅವರು ಮೂವತ್ತನಾಲ್ಕು ವರ್ಷ ಮಾಡಿದ ಕೆಲಸ. ಅಲ್ಲಿನ ಇಂಜಿನ್‌ಗಳನ್ನು ಇಂತಿಷ್ಟು ಗಂಟೆಗೊಮ್ಮೆ ಬಿಚ್ಚಿ ಸ್ವಚ್ಛ ಮಾಡಿರುತ್ತಿದ್ದರು. ಈ ಇಂಜಿನ್ ಹದಿನೈದು ವರ್ಷದಿಂದ ಮುಚ್ಚಿಯೇ ಇತ್ತು. ಚಿದಂಬರರು ಹಳೆಯ ಎಣ್ಣೆ ಇಳಿಸಿ, ತೊಳೆಯುವ ಎಣ್ಣೆ ತುಂಬಿ, ಹದಿನೈದು ನಿಮಿಷ ಇಂಜಿನ್ ಓಡಿಸಿ ಇಳಿಸಿದರು. ಕಪ್ಪಾಗಿ ಬಂತು. ಇನ್ನೊಮ್ಮೆ ತೊಳೆದರು. ಆಮೇಲೆ ಹೊಸ ಫಿಲ್ಟರ್ ಕೂರಿಸಿ ಸಿಂಥೆಟಿಕ್ ತುಂಬಿ, ಲಾಗ್ ಬುಕ್ಕಿನಲ್ಲಿ 'ಎರಡು ಸಲ ಫ್ಲಶ್' ಎಂದು ಬರೆದು ಸಹಿ ಹಾಕಿದರು.

ಎರಡು ದಿನ ಬಿಟ್ಟು ಎರಡನೇ ಡೋಸ್‌ಗೆ ಹೊರಟರು. ಯೇವಲಾ ದಾಟಿತು, ಅಲಕಾ ಅವರ ಅಂಗಡಿ ದಾಟಿತು. ವೈಜಾಪುರ ನಾಲ್ಕು ಕಿಲೋಮೀಟರ್ ಇರುವಾಗ ಕೆಂಪು ದೀಪ ಹತ್ತಿತು. ಈ ಸಲ ಮಿಣುಕಲಿಲ್ಲ, ಹತ್ತಿಯೇ ನಿಂತಿತು. ಚಿದಂಬರರು ಆ ಕ್ಷಣವೇ ಇಂಜಿನ್ ಆರಿಸಿ, ಉರುಳಿದಷ್ಟು ದೂರ ಉರುಳಲು ಬಿಟ್ಟು ಬದಿಗೆ ನಿಲ್ಲಿಸಿದರು.

"ನಿಂತ್ವೇನ್ರಿ?" ಮಲಗಿದ್ದಲ್ಲಿಂದಲೇ ಪ್ರೇಮಾ ಕೇಳಿದರು.

"ನಿಂತ್ವಿ."

ಕಡ್ಡಿ ಎಳೆದರು. ಎಣ್ಣೆ ಮೇಲಿನ ಗೆರೆಯವರೆಗೂ ಇತ್ತು. ಭುಜಂಗನಿಗೆ ಫೋನ್ ಮಾಡಿದರು. ಅವನು ಕೇಳಿದ್ದು ಒಂದೇ.

"ತೊಳದ್ರೇನ್ರಿ?"

"ಎರಡ ಸಲ."

"ನಂಗ ಒಂದು ಮಾತು ಕೇಳಬಾರದಿತ್ತೇನ್ರಿ ಸಾಹೇಬ್ರ. ಮಡ್ಡಿ ಕಿತ್ತು ಬಂದು ತಳದ ಜಾಲರಿಗೆ ಹೋಗಿ ಕುಂತೈತಿ. ಪಂಪ್ ಎಣ್ಣಿ ಎಲ್ಲಿಂದ ಎಳೀಬೇಕು? ಚಾಲೂ ಮಾಡಬ್ಯಾಡ್ರಿ. ವೈಜಾಪುರಕ್ಕ ಎಳಿಸಿಗೊಂಡು ಹೋಗ್ರಿ."

ಮಾಲವಿಕಾ ಗಂಡನ ಕಾರು ತೆಗೆದುಕೊಂಡು ಬರಲು ಎರಡು ಗಂಟೆ ಹಿಡಿಯಿತು. ಕಬ್ಬಿನ ಟ್ರ್ಯಾಕ್ಟರಿನ ಮೂವರು ಇಳಿದು ಬಂದು ಕಿಟಕಿಯಲ್ಲಿ ಇಣುಕಿದರು. ಪ್ರೇಮಾ ಅವರ ತಲೆಯ ಬಟ್ಟೆ ಜಾರಿತ್ತು. ಆ ವಾರವಷ್ಟೇ ಕೂದಲು ಉದುರತೊಡಗಿತ್ತು. ಚಿದಂಬರರು ಕಿಟಕಿಗೆ ಅಡ್ಡ ಟವೆಲ್ ಕಟ್ಟಿ, ಹೊರಗೆ ಬಿಸಿಲಿನಲ್ಲಿ ನಿಂತರು.

"ಎಣ್ಣಿ ಚಲೋ ಐತಿ ಅಂದ್ರಲ್ಲ" ಎಂದು ಟವೆಲ್ಲಿನ ಆಚೆಯಿಂದ ದನಿ ಬಂತು.

"ಎಣ್ಣಿ ಚಲೋನ ಐತಿ. ನಾ ತೊಳದದ್ದು ತಪ್ಪಾತು. ಒಳಗಿನ ಹೊಲಸು ಕಿತ್ತು ಬಂದು ಕಟಗೊಂಡೈತಿ."

ಪ್ರೇಮಾ ತಲೆಯ ಬಟ್ಟೆ ಸರಿಮಾಡಿಕೊಂಡರು. "ನನಗೂ ಹಂಗ ತೊಳ್ಯಾಕತ್ತಾರ. ಏನೇನು ಕಿತ್ತು ಬರತೈತೋ ನೋಡೂಣು."

ಚಿದಂಬರರು ಸಮಯ ನೋಡಿ ಲಾಗ್ ಬುಕ್ಕಿನಲ್ಲಿ ಬರೆದರು. ಕಾರಣ: ನನ್ನ ತಪ್ಪು.

ಮಾಲವಿಕಾ ತಾಯಿಯನ್ನು ಎರಡನೇ ಡೋಸ್‌ಗೆ ಕರೆದೊಯ್ದಳು. ವೈಜಾಪುರದ ಗ್ಯಾರೇಜಿನಲ್ಲಿ ತಳದ ತಟ್ಟೆ ಬಿಚ್ಚಿದಾಗ ಜಾಲರಿಯ ಮೇಲೆ ಡಾಂಬರಿನಂಥ ಕಪ್ಪು ಪದರವಿತ್ತು. ಕೆರೆದು ತೆಗೆದು, ಡಿಕ್ಕಿಯಲ್ಲಿದ್ದ ಎರಡನೇ ಡಬ್ಬಿ ತುಂಬಿದರು. ಹಳೆಯ ದಪ್ಪ ಎಣ್ಣೆಗೆ ಮರಳುವುದು ಬೇಡವೆಂದು ಚಿದಂಬರರೇ ಹೇಳಿದರು. ಇಂಜಿನ್‌ಗೆ ಏನೂ ಆಗಿರಲಿಲ್ಲ. ದೀಪ ಹತ್ತಿದ ತಕ್ಷಣ ಆರಿಸಿದ್ದರಿಂದ ಉಳಿಯಿತು ಎಂದು ಅಲ್ಲಿನ ಮೆಕ್ಯಾನಿಕ್ ಹೇಳಿದ.

ಏಪ್ರಿಲ್ 16ರ ಮೂರನೇ ಡೋಸ್, ಮೇ 7ರ ನಾಲ್ಕನೆಯದು. ಎರಡೂ ಸಲ ಹೋಗುವಾಗ, ಬರುವಾಗ, ಎಲ್ಲೂ ನಿಲ್ಲಲಿಲ್ಲ. ನಲವತ್ತೆರಡು ಡಿಗ್ರಿ ಬಿಸಿಲಿನಲ್ಲೂ ಎಣ್ಣೆ ಅರ್ಧ ಬೆರಳಿನಷ್ಟೂ ಇಳಿಯಲಿಲ್ಲ. ಭುಜಂಗ ಹೇಳಿದಂತೆ ಒಂದು ಸೀಲ್ ಮಾತ್ರ ತೊಟ್ಟಿಕ್ಕತೊಡಗಿತು. ರಾತ್ರಿಗೆ ಎರಡು ಹನಿ. ರಟ್ಟಿನ ಮೇಲೆ ಅವನ್ನು ಎಣಿಸಿ ಬರೆಯುತ್ತಿದ್ದರು.

ಮೇ 28ಕ್ಕೆ ಐದನೇ ಡೋಸ್‌ಗೆಂದು ಹೋದರು. ಡಾಕ್ಟರು ಹೊಸ ಸ್ಕ್ಯಾನ್ ನೋಡಿ, ಇನ್ನು ಔಷಧ ಬೇಡ, ಮನೆಯಲ್ಲಿ ಆರಾಮಾಗಿರಲಿ ಎಂದರು. ಮಾಲವಿಕಾ ಹೊರಗೆ ಹೋಗಿ ಅತ್ತಳು. ಚಿದಂಬರರು ಮಾರನೇ ದಿನ ಬೆಳಿಗ್ಗೆ ಕಡ್ಡಿ ನೋಡಿ, ಗಾದಿ ಹಾಸಿ ಹೊರಟರು.

ವೈಜಾಪುರ ದಾಟಿದ ಮೇಲೆ ಪ್ರೇಮಾ ಕೇಳಿದರು: "ಈ ಎಣ್ಣಿ ಎಷ್ಟ ದೂರಕ್ಕ ಬರತೈತಿ?"

"ಹತ್ತು ಸಾವಿರ ಕಿಲೋಮೀಟರ್."

"ಈಗ ಎಷ್ಟಾತು?"

"ಸಾವಿರದ ಇನ್ನೂರ ಆಗತೈತಿ."

"ಭಾಳ ಉಳೀತಲ್ಲ" ಅಂದರು ಪ್ರೇಮಾ. ಯೇವಲಾದ ಮನೆಗಳು ಕಾಣತೊಡಗಿದಾಗ ಸೀಟಿನಿಂದ ಸ್ವಲ್ಪ ಎದ್ದರು. "ಆ ಚಹಾದ ಅಂಗಡಿ ಮುಂದ ನಿಲ್ಲಸ್ರಿ."

"ಯಾಕ? ಹೊಟ್ಟ್ಯಾಗ ತ್ರಾಸಾಗತೈತೇನು?"

"ಏನೂ ಇಲ್ಲ. ಗಾಡಿ ಕೆಟ್ಟು ನಿಂತದ್ದಲ್ಲ. ನಾವ ನಿಲ್ಲೂಣು."

ಅಲಕಾ ಗುರುತು ಹಿಡಿದು, "ಬಸಾ ವಹಿನಿ" ಎಂದು ಮರಾಠಿಯಲ್ಲಿ ಅತ್ತಿಗೆಯೆಂದೇ ಕರೆದು ಕೂರಲು ಹೇಳಿ, ಕುರ್ಚಿ ಒರೆಸಿ ಹಾಕಿದರು. ಪ್ರೇಮಾ ಎರಡು ಗುಟುಕು ಚಹಾ ಕುಡಿದು ಉಳಿದದ್ದನ್ನು ಗಂಡನ ಗ್ಲಾಸಿಗೆ ಸುರಿದರು. ಇಪ್ಪತ್ತು ನಿಮಿಷ ಕೂತಿದ್ದರು. ಯಾರೂ ತಿರುಗಿ ನೋಡಲಿಲ್ಲ.

ಪ್ರೇಮಾ ಆಗಸ್ಟ್ 19ಕ್ಕೆ ಮನೆಯಲ್ಲೇ ತೀರಿಕೊಂಡರು.

ಹತ್ತು ಸಾವಿರ ಕಿಲೋಮೀಟರ್ ಇಲ್ಲವೆ ಒಂದು ವರ್ಷ, ಯಾವುದು ಮೊದಲೋ ಅದು ಎಂದು ಡಬ್ಬಿಯ ಮೇಲಿತ್ತು. 2013ರ ಮಾರ್ಚ್ 26ಕ್ಕೆ ಚಿದಂಬರರು ಕಾರನ್ನು ಭುಜಂಗನ ಗ್ಯಾರೇಜಿಗೆ ಒಯ್ದರು. ಮೀಟರ್ ಅಷ್ಟೇನೂ ಮುಂದೆ ಹೋಗಿರಲಿಲ್ಲ.

"ಯಾವುದ ಹಾಕ್ಲಿರಿ?"

"ಅದನ್ನ."

"ತೊಳೀಲೇನ್ರಿ?"

"ಬ್ಯಾಡ."

ಎಣ್ಣೆ ಇಳಿಯುವಷ್ಟರಲ್ಲಿ ಭುಜಂಗ ಮೀಟರ್ ಬರೆಯಲು ಲಾಗ್ ಬುಕ್ ತೆರೆದ. ಹಿಂದಿನ ಪುಟದ ಸಾಲೊಂದರ ಮೇಲೆ ಅವನ ಬೆರಳು ನಿಂತಿತು. ಯೇವಲಾ. 20 ನಿಮಿಷ. ಕಾರಣ: ಚಹಾ.

"ಚಹಾಕ್ಕ ನಿಂತದ್ದನ್ನೂ ಬರೀತೀರೇನ್ರಿ ಸಾಹೇಬ್ರ?"

"ನಿಂತದ್ದೆಲ್ಲಾ ಬರೀಬೇಕು" ಎಂದ ಚಿದಂಬರರು, ಕೈ ಚಾಚಿ ಪುಸ್ತಕ ತೆಗೆದುಕೊಂಡರು.