ಎಡೆಗಿಟ್ಟ ಹೊಗೆಸೊಪ್ಪು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳುತ್ತಾರೆ. ಅದಕ್ಕೇ ಇರಬೇಕು, ಭದ್ರಾವತಿಯ ನಮ್ಮ ಹೈಸ್ಕೂಲಿಗೆ ತಂಬಾಕು ನಿಯಂತ್ರಣದ ಕೆಲಸ ಬಂದಾಗ ಹೆಡ್‌ಮಾಸ್ಟರು ಫೈಲನ್ನು ನೇರ ನನ್ನ ಮೇಜಿನ ಮೇಲಿಟ್ಟರು. ಗೇಟಿನಿಂದ ಟೇಪು ಹಿಡಿದು ನೂರು ಮೀಟರ್ ಅಳೆದು, ರಸ್ತೆಗೆ ಅಡ್ಡಲಾಗಿ ಹಳದಿ ಗೆರೆ ಎಳೆಸಿದೆ. ಗೆರೆಯೊಳಗಿನ ಅಂಗಡಿಗಳಲ್ಲಿ ನೇತಾಡುತ್ತಿದ್ದ ಗುಟ್ಕಾ ಸರಗಳನ್ನು ಇಳಿಸಿದೆ. ಬಿಡಿ ಸಿಗರೇಟು ಮಾರುತ್ತಿದ್ದವನ ಜೊತೆ ನಡುಬೀದಿಯಲ್ಲಿ ಜಗಳವಾಡಿದೆ. ಅಷ್ಟಕ್ಕೇ ಬಿಡಲಿಲ್ಲ. ಶಾಲೆಯ ಹತ್ತಿರ ಮಾತ್ರವಲ್ಲ, ಊರಿನ ಯಾವ ಅಂಗಡಿಯಲ್ಲೂ ವಯಸ್ಸು ನೋಡದೆ ತಂಬಾಕು ಕೊಡಬಾರದು, ಕೊಟ್ಟರೆ ಲೈಸೆನ್ಸ್ ಕಿತ್ತುಕೊಳ್ಳಬೇಕು ಎಂದು ನಗರಸಭೆಗೆ ಅರ್ಜಿ ಬರೆದೆ.

"ಟೀಚರಮ್ಮ, ನಿಮ್ಮನೇಲಿ ಯಾರೂ ಎಲೆಅಡಿಕೆ ಹಾಕಲ್ವಾ?" ಎಂದು ಒಬ್ಬ ಅಂಗಡಿಯವನು ಕೆಣಕಿದ.

"ಹಾಕೋರು ಸತ್ತೋದ್ರು" ಎಂದು ಅವನ ಬಾಯಿ ಮುಚ್ಚಿಸಿದೆ.

ಈಚೆಗೆ ಶಾಲೆಗೆ ಹಲ್ಲಿನ ಡಾಕ್ಟರೊಬ್ಬರು ಬಂದಿದ್ದರು. ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಇಡಲು ಮಕ್ಕಳಿಗೆ ಹೇಳಿದರು. ಹಿಡಿಸದಿದ್ದರೆ, ಅಡಿಕೆ ತಂಬಾಕು ಅಗಿದು ಕೆನ್ನೆಯ ಒಳಗಿನ ಚರ್ಮ ಬಿಗಿಯುತ್ತಿದೆ ಎಂದರ್ಥವಂತೆ. ಹಾಗೇ ಬಿಟ್ಟರೆ ಕ್ಯಾನ್ಸರಿಗೂ ತಿರುಗಬಹುದಂತೆ. ಮಕ್ಕಳು ಜೊಲ್ಲು ಸುರಿಸಿಕೊಂಡು ನಕ್ಕರು. ನಾನೂ ನಕ್ಕೆ.

ಸಂಜೆ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದು, ರವೀಂದ್ರನಗರದ ಮನೆಯಲ್ಲಿ ಊಟಕ್ಕೆ ಕೂತಾಗ ಈ ಕಥೆ ಹೇಳಿದೆ. ಗಂಡ ತಕ್ಷಣ ತಮ್ಮ ಬಾಯಿಗೆ ಮೂರು ಬೆರಳಿಟ್ಟು ಪಾಸಾದರು. ಮಗಳು ಮಾತ್ರ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವಳಿಗೆ ಹದಿನೇಳು, ಸೆಕೆಂಡ್ ಪಿಯುಸಿ.

"ಎಲ್ಲಿ, ನಿಂದು ತೋರ್ಸು ಮಾರಾಯ್ತಿ."

"ಹೋಗಮ್ಮ, ಊಟ ಮಾಡೋವಾಗ ಏನದು."

ನಾನು ಹಿಡಿದ ಪಟ್ಟು ಬಿಡುವವಳಲ್ಲ. ಅವಳ ಕೈ ಹಿಡಿದು ನಾನೇ ಬೆರಳು ಜೋಡಿಸಿದೆ. ಎರಡು ಹೋದವು. ಮೂರನೆಯದು ಹಲ್ಲಿಗೆ ತಾಗಿ ನಿಂತಿತು. "ನೋವಾಗುತ್ತೆ ಬಿಡು" ಎಂದು ಅವಳು ಮುಖ ತಿರುಗಿಸಿದಳು.

ಎಷ್ಟೋ ತಿಂಗಳಿಂದ ಅವಳು ಸಾರು ಮುಟ್ಟುತ್ತಿರಲಿಲ್ಲ. ಬಾಯಿ ಉರಿಯುತ್ತದೆ ಎಂದು ಬರೀ ಮೊಸರನ್ನ ತಿನ್ನುತ್ತಿದ್ದಳು. ನಿನ್ನನ್ನ ಕಟ್ಟಿಕೊಳ್ಳುವವನು ಹಾಲಿನ ಡೈರಿ ಇಟ್ಟಿರಬೇಕು ಎಂದು ನಾನು ರೇಗಿಸುತ್ತಿದ್ದೆ. ಅವಳೂ ನಗುತ್ತಿದ್ದಳು, ಬಾಯಿ ಅರ್ಧ ಮುಚ್ಚಿಕೊಂಡು. ಊರಿನ ಮಕ್ಕಳ ಬಾಯನ್ನೆಲ್ಲ ನೋಡಿದವಳು ಇದೊಂದು ಬಾಯನ್ನು ನೋಡಿರಲಿಲ್ಲ.

ಮರುದಿನ ಶಾಲೆಗೆ ರಜೆ ಹಾಕಿ ಅವಳ ಬ್ಯಾಗು ಜಾಲಾಡಿದೆ. ಪೆನ್ನಿನ ಪೌಚಿನಲ್ಲಿ ಕಾಗದ ಸುತ್ತಿದ ಹೊಗೆಸೊಪ್ಪು ಸಿಕ್ಕಿತು. ಅದನ್ನು ಹಿಡಿದುಕೊಂಡೇ ಬೀದಿ ಕೊನೆಯ ಸಾಹೇಬರ ಅಂಗಡಿಗೆ ಹೋದೆ. ಅವರು ನಮಗೆ ಇಪ್ಪತ್ತು ವರ್ಷದ ಪರಿಚಯ.

"ಮಕ್ಕಳಿಗೆ ಇದನ್ನ ಕೊಡ್ತೀರಾ? ನಾಚಿಕೆ ಆಗಲ್ವಾ?" ಎಂದು ಕೂಗಾಡಿದೆ.

ಸಾಹೇಬರು ಗಾಬರಿಯಾದರು. "ಅರೇ, ನಿಮ್ಮ ಅತ್ತೇರ ಎಡೆಗೆ ಅಂತಾನೇ ತಗೊಂಡೋಗ್ತಾಳಮ್ಮ. ನಮ್ಮನೆ ಹುಡುಗಿ ಬಂದ್ರೆ ಏನೂ ಕೇಳ್ಬೇಡಿ, ಕೊಟ್ಬಿಡಿ ಅಂತ ನೀವೇ ಹೇಳಿದ್ರಲ್ಲ?"

ಹೇಳಿದ್ದೆ. ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು. ವರ್ಷ ತುಂಬುವವರೆಗೆ ಪ್ರತಿ ಅಮಾವಾಸ್ಯೆ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ ಎಡೆ ಇಡುವುದು ನಮ್ಮ ಮನೆಯ ಪದ್ಧತಿ. ಅತ್ತೆಗೆ ಕಡುಬು, ಕೋಳಿ ಸಾರು, ಕೊನೆಗೆ ಎಲೆ, ಅಡಿಕೆ, ಹೊಗೆಸೊಪ್ಪು. ಹೊಗೆಸೊಪ್ಪು ತರಲು ಮಗಳನ್ನೇ ಕಳಿಸುತ್ತಿದ್ದೆ. ಊಟವನ್ನು ಎಲ್ಲರೂ ಹಂಚಿಕೊಂಡು ತಿನ್ನುತ್ತಿದ್ದೆವು. ಎಲೆಅಡಿಕೆ ಮಾತ್ರ ದೀಪದ ಪಕ್ಕದಲ್ಲಿ ಉಳಿಯುತ್ತಿತ್ತು, ಬೆಳಗ್ಗೆ ಇರುತ್ತಿರಲಿಲ್ಲ. ಕಸಕ್ಕೆ ಹೋಗಿರಬೇಕು ಎಂದುಕೊಳ್ಳುತ್ತಿದ್ದೆ.

"ಆ ಎಡೆ ನಿಂತು ಒಂದು ವರ್ಷ ಆಯ್ತು ಸಾಹೇಬ್ರೇ."

"ಯಾ ಅಲ್ಲಾ! ಈಗ್ಲೂ ವಾರಾವಾರ ಬರ್ತಾಳಲ್ಲಮ್ಮ. ನಾವು ಗುರುವಾರ ಸತ್ತೋರ ಹೆಸರಲ್ಲಿ ಫಾತೆಹಾ ಓದ್ತೀವಿ. ನಿಮ್ಮಲ್ಲೂ ಹಂಗೇ ಏನೋ ಅಂದ್ಕೊಂಡೆ. ಸತ್ತೋರಿಗೆ ಅಂತ ಕೇಳಿದ್ರೆ ವಯಸ್ಸು ಎಷ್ಟು ಅನ್ನೋಕಾಗುತ್ತಾ?" ನನ್ನ ಸಿಟ್ಟು ಎಲ್ಲಿ ಹೋಯಿತೋ, ಬರೀ ಹೆದರಿಕೆ ಉಳಿಯಿತು. ಊರಿಗೆಲ್ಲ ಬೇಕು ಎಂದು ಅರ್ಜಿ ಬರೆದ ನಿಯಮವನ್ನು ನಮ್ಮ ಬೀದಿಯಲ್ಲಿ ನಾನೇ ಮೊದಲು ಮುರಿದಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು ಟಾರ್ಚು ಹಿಡಿದು ತುಂಬ ಹೊತ್ತು ನೋಡಿದರು. ಕೆನ್ನೆಯ ಒಳಗೆ ಬಿಳಿಚಿಕೊಂಡ ಮಚ್ಚೆ ಇದೆ, ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು. ಇವತ್ತಿಗೇ ಬಿಟ್ಟರೂ ಬಾಯಿ ಮೊದಲಿನಷ್ಟು ತೆರೆಯುತ್ತದೆ ಎಂದು ಹೇಳಲಾಗದು ಎಂದರು. ವರದಿ ಇನ್ನೂ ಬಂದಿಲ್ಲ. ಫೋನು ಸದ್ದು ಮಾಡಿದರೆ ಸಾಕು, ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತೇನೆ.

ಅವತ್ತು ಡಾಕ್ಟರು ಕಾಗದ ತೆಗೆದು, ಅಭ್ಯಾಸ ಹೇಗೆ ಶುರುವಾಯಿತು ಎಂದು ಕೇಳಿದರು. "ಫ್ರೆಂಡ್ಸ್ ಕೊಟ್ರು" ಎಂದಳು ಮಗಳು, ನೆಲ ನೋಡುತ್ತ. ನನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಳು.

"ಇಲ್ಲ ಡಾಕ್ಟ್ರೇ, ನಾನೇ ತರಿಸ್ತಿದ್ದೆ. ಎರಡು ವರ್ಷದಿಂದ" ಎಂದೆ.

ಮಗಳು ಮೆಲ್ಲಗೆ ನನ್ನ ಕೈ ಮುಟ್ಟಿದಳು. "ಎರಡಲ್ಲಮ್ಮ. ಐದನೇ ಕ್ಲಾಸಿಂದ. ಅಜ್ಜಿಗೆ ಹಲ್ಲಿರ್ಲಿಲ್ವಲ್ಲ, ಎಲೆ, ಅಡಿಕೆ, ಹೊಗೆಸೊಪ್ಪು ಎಲ್ಲ ನಾನೇ ಕುಟ್ಟಿ ಕೊಡ್ತಿದ್ದೆ. ಹದ ಆಯ್ತಾ ನೋಡು ಅಂತ ಅಜ್ಜಿ ಚೂರು ನನ್ನ ಬಾಯಿಗೂ ಇಡೋರು."

ಡಾಕ್ಟರು ಬರೆದುಕೊಂಡರು. ಅವಳು ಕುಟ್ಟುತ್ತ ಕೂತಿರುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿತ್ತು. ಮನೆಗೆ ಬಂದ ನೆಂಟರಿಗೆಲ್ಲ ಅವಳನ್ನು ತೋರಿಸಿ, ಮೊಮ್ಮಗಳು ಅಂದರೆ ಹೀಗಿರಬೇಕು ಎನ್ನುತ್ತಿದ್ದೆ.