ದೀಕ್ಷಾಳ ಕುಂಟು ನಡಿಗೆ

ತಂಗಿ ದೀಕ್ಷಾ ನೋವೆಂದಾಗ ನಾನು ನಂಬಲಿಲ್ಲ. ಅದಕ್ಕೂ ಮೊದಲು ಅವಳು ಸುಳ್ಳುಸುಳ್ಳೇ ಕುಂಟುವಂತೆ ಮಾಡಿದವನೂ ನಾನೇ.

ಎರಡು ಅಕ್ಕಿಮೂಟೆಯಷ್ಟು ಭಾರವನ್ನು ಹೆಗಲಿಗೇರಿಸಿ ಕೂತು ಏಳುವಾಗ ಅವಳು ಕಣ್ಣು ಮುಚ್ಚುತ್ತಿದ್ದಳು. ತುಟಿಯಲ್ಲಿ ಸಣ್ಣ ನಗು. ವಾಮದಪದವಿನ ಜಿಮ್ಮಿನಲ್ಲಿ ಅವಳು ಎತ್ತುವ ಕಬ್ಬಿಣದ ಬಾರ್‌ಗೆ ತೂಕ ಹಾಕುವವನು ನಾನು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಲಾರಿಗೆ ಕೆಂಪುಕಲ್ಲು ತುಂಬುವವನು. ಮರುದಿನ ಮೈ ನೋಯದಿದ್ದರೆ ಹಿಂದಿನ ದಿನ ದುಡಿದಿಲ್ಲವೆಂದೇ ನಮ್ಮ ಲೆಕ್ಕ. ಅದನ್ನೇ ಅವಳಿಗೂ ಹಾಕಿದೆ. ಬೆಳಿಗ್ಗೆ ಅವಳನ್ನು ಜಗಲಿಯ ಮೆಟ್ಟಿಲು ಇಳಿಸಿ ನೋಡುತ್ತಿದ್ದೆ. ಸಲೀಸಾಗಿ ಇಳಿದರೆ ಸಂಜೆ ಇನ್ನಷ್ಟು ಭಾರ.

“ನಿನ್ನ ಲೆಕ್ಕದಲ್ಲಿ ಗುಡ್ಡೆಯಿಂದ ಬಿದ್ದವನೇ ದೊಡ್ಡ ಪೈಲ್ವಾನ, ಅಲ್ವಾ ಅಣ್ಣ?” ಎನ್ನುತ್ತಿದ್ದಳು.

ಹೋದ ತಿಂಗಳು ಕಾಲು ನಡುಗಿಸಿದ ಭಾರ ಈಗ ನಡುಗಿಸದಿದ್ದರೆ ಅದೇ ಬೆಳವಣಿಗೆ ಎಂಬುದು ಅವಳ ಅಳತೆ. ನಾನು ಕೇಳಲಿಲ್ಲ. ಕೊನೆಗೆ ಅವಳು ಮೆಟ್ಟಿಲ ಮೇಲೆ ಕುಂಟತೊಡಗಿದಳು, ಗೋಡೆ ಹಿಡಿದು ನರಳಿದಳು. ನನಗೆ ಖುಷಿ. ಒಂದು ದಿನ, ನಾನು ಮನೆಯಲ್ಲಿಲ್ಲವೆಂದುಕೊಂಡು ಅವಳು ಅದೇ ಮೆಟ್ಟಿಲನ್ನು ಹಾರಿ ಇಳಿಯುವುದನ್ನು ಕಿಟಕಿಯಿಂದ ಕಂಡೆ. ಯಾಕೆಂದು ಕೇಳಲಿಲ್ಲ. ಆಮೇಲೆ ಅವಳ ನೋವೆಲ್ಲ ನನಗೆ ನಾಟಕವೇ ಆಯಿತು.

ಭಾರ ಎತ್ತುವವರ ರಾಜ್ಯ ತಂಡದ ಆಯ್ಕೆ ಮೂಡುಬಿದಿರೆಯಲ್ಲಿ. ಆಯ್ಕೆಯಾದರೆ ಹಾಸ್ಟೆಲು, ಓದು ಎಲ್ಲ ಸಿಗುತ್ತಿತ್ತು. ಕೊನೆಯ ಸಲ ಎತ್ತಲು ಹೆಸರು ಕರೆಯುವ ಮುಂಚೆ ಅವಳು ನನ್ನ ತೋಳು ಹಿಡಿದಳು.

“ಅಣ್ಣ, ಇದು ಬೇರೆ ನೋವು. ಸೊಂಟದ ಒಂದೇ ಬದಿಯಲ್ಲಿ ಉಂಟು, ಕಾಲಿಗೆ ಇಳಿತದೆ. ನಾನು ಎತ್ತುವುದಿಲ್ಲ.”

“ನಿನ್ನ ನಾಟಕ ನನಗೆ ಗೊತ್ತುಂಟು. ಹೋಗು.”

ಅವಳು ನನ್ನ ಮುಖವನ್ನೇ ನೋಡಿದಳು. ಹೋದಳು. ಅರ್ಧ ಏಳುವಷ್ಟರಲ್ಲಿ ಬಾರ್ ವಾಲಿತು. ಹಿಂದೆ ನಿಂತವರು ಹಿಡಿದುಕೊಂಡರು. ಅವಳು ಕೂತಲ್ಲಿಂದ ಏಳಲಿಲ್ಲ.

ನೆಟ್ಟಗೆ ನಡೆಯಲು ವರ್ಷ ಹಿಡಿಯಿತು. ಇನ್ನು ಭಾರ ಎತ್ತಬಾರದೆಂದರು ಡಾಕ್ಟರು. ಅವಳು ನನ್ನನ್ನು ಬೈಯಲೇ ಇಲ್ಲ. ಆದರೆ ಅಂದಿನಿಂದ ನನ್ನೆದುರು ತಲೆನೋವೆಂದು ಕೂಡ ಹೇಳಿದವಳಲ್ಲ. ಜ್ವರ ಬಂದರೂ ಅಮ್ಮನ ಕಿವಿಯಲ್ಲಿ ಹೇಳುತ್ತಿದ್ದಳು.

ಮೊನ್ನೆ ಮಸ್ಕತ್ತಿಗೆ ಹೊರಟಳು, ಹೆಂಗಸರ ಜಿಮ್ಮಿನಲ್ಲಿ ಕಲಿಸುವ ಕೆಲಸಕ್ಕೆ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಇಳಿಸುವಾಗ ಅವಳ ಕೈ ತಾನಾಗಿ ಸೊಂಟಕ್ಕೆ ಹೋಯಿತು.

“ನೋಯ್ತದಾ?” ಎಂದೆ.

“ಇಲ್ಲ ಅಣ್ಣ.”

ಪೆಟ್ಟಿಗೆ ಇಟ್ಟ ಗಾಡಿ ತಳ್ಳಿಕೊಂಡು ಬಾಗಿಲ ಕಡೆ ತಿರುಗಿದಳು. ಸುತ್ತ ಜನರಿದ್ದರು. ನಾನು ಗಾಡಿಗೆ ಕೈ ಅಡ್ಡ ಹಿಡಿದೆ.

“ಅವತ್ತು ನೀನು ನಿಜವನ್ನೇ ಹೇಳಿದ್ದಿ, ದೀಕ್ಷಾ. ನಾನು ನಂಬಬೇಕಿತ್ತು. ತಪ್ಪು ನನ್ನದು.”