ನಳದ ಗುಂಡಿ

ಆ ಬೇಸಿಗೆಯಲ್ಲಿ ಮಗಳಿಗೆ ಮೂರನೆಯ ಸಲ ಭೇದಿ ಹತ್ತಿದಾಗ ಬಸವಕಲ್ಯಾಣದ ಡಾಕ್ಟರು ಪೆನ್ನು ಕೆಳಗಿಟ್ಟು, "ಮನ್ಯಾಗ ಯಾವ ನೀರು ಕುಡೀತೀರಿ?" ಎಂದು ಕೇಳಿದರು. ನನಗೆ ಅವಮಾನವಾಯಿತು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನು. ನನ್ನ ತವರೂರು ಘಾಟಬೋರಾಳದಲ್ಲಿ ಅವ್ವ ಮಂದಿಯ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಳು. ನಾನು ಬಸ್ಸಿನಲ್ಲಿ ನಿಂತುಕೊಂಡೇ ಹುಮನಾಬಾದಿಗೆ ಹೋಗಿ ಬಂದು ಬಿಎಸ್ಸಿ ಮಾಡಿದೆ. ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನನ್ನು ಕೇಳುವ ಪ್ರಶ್ನೆಯೇ ಅದು?

"ಕುದಿಸೇ ಕೊಡ್ತೀನ್ರಿ," ಎಂದೆ. ಸುಳ್ಳಲ್ಲ. ಆದರೆ ಎರಡೂವರೆ ವರ್ಷದ ಹುಡುಗಿ, ಕುದಿಸಿದ ನೀರಿನ ಲೋಟ ಬಿಟ್ಟು ಸ್ನಾನದ ಚೊಂಬಿಗೆ ಬಾಯಿ ಹಚ್ಚುತ್ತಿದ್ದಳು. ಎಷ್ಟು ಕಾಯುವುದು? ಅವಳ ಕೈ ಎಷ್ಟು ಬಡವಾಗಿತ್ತೆಂದರೆ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಮನೆಗೆ ಬರುವ ನೀರೇ ನೆಟ್ಟಗಾಗಬೇಕಿತ್ತು.

ನನ್ನ ಅನುಮಾನ ಪಕ್ಕದ ಮನೆಯ ಮೇಲೆ. ಅವರು ಹೊಸದಾಗಿ ಪಾಯಖಾನೆ ಕಟ್ಟಿಸಿದ್ದರು. ಅದರ ಪೈಪು ನಮ್ಮಿಬ್ಬರ ನಳಗಳ ನಡುವೆ, ಗಟಾರದ ಗುಂಟ ಹಾದಿತ್ತು. ಆ ಮನೆಯ ಅಕ್ಕ ಅಂಗಳ ತೊಳೆದಾಗಲೆಲ್ಲ ನಾನು ಕಿಟಕಿಯಲ್ಲಿ ನಿಂತು ನೀರು ಎತ್ತ ಹರಿಯುತ್ತದೆಂದು ನೋಡುತ್ತಿದ್ದೆ. ನಾನು ನೋಡುತ್ತಿದ್ದೇನೆಂದು ಆಕೆಯೂ ನೋಡುತ್ತಿದ್ದಳು.

ಆ ದಿನಗಳಲ್ಲೇ ಫಿಲ್ಟರ್ ಮಾರುವವನೊಬ್ಬ ಬಂದ. ನಮ್ಮ ನೀರಿನಲ್ಲಿ ಕರೆಂಟಿನ ಎರಡು ಕಡ್ಡಿ ಇಳಿಬಿಟ್ಟು, ಅದು ಕಂದು ರಾಡಿಯಾದದ್ದನ್ನು ಎತ್ತಿ ತೋರಿಸಿದ. "ಇದೇ ನೋಡ್ರಿ ಮೇಡಂ, ನೀವು ದಿನಾ ಕುಡಿಯಾಕತ್ತಿದ್ದು."

"ನಿಮ್ಮ ಫಿಲ್ಟರ್ ನೀರಿಗೆ ಚಿಟಿಕಿ ಉಪ್ಪು ಹಾಕಿ ಕಡ್ಡಿ ಇಡ್ರಿ," ಎಂದೆ. "ಅದೂ ಹಿಂಗೇ ಆಗ್ತದ. ಕರಗಾಕತ್ತಿದ್ದು ನಿಮ್ಮ ಕಡ್ಡ್ಯಾಗಿನ ಕಬ್ಬಿಣ."

ಅವನು ಚೀಲ ಕಟ್ಟಿದ. ಅತ್ತೆ ಬಾಗಿಲವರೆಗೂ ಅವನ ಬೆನ್ನು ಬಿಡಲಿಲ್ಲ: "ನಮ್ಮ ಸೊಸಿ ಬಿಎಸ್ಸಿ ಅದಾಳಪ್ಪಾ, ನೀ ಬ್ಯಾರೆ ಮನಿ ನೋಡು."

ಆದರೂ ಮಗಳ ಭೇದಿ ನಿಲ್ಲಲಿಲ್ಲ. ರಜೆ ಹಾಕಿ ಹುಮನಾಬಾದಿನ ನನ್ನ ಹಳೆಯ ಕಾಲೇಜಿಗೆ ಹೋದೆ. ಲ್ಯಾಬಿನ ಅಟೆಂಡರ್ ಚಾಚಾ ಇನ್ನೂ ಅಲ್ಲೇ ಇದ್ದರು.

"ಯಾಕ ಬೇಟಿ, ಪಾಸಾಗಿದ್ದು ಖರೇನೋ ಸುಳ್ಳೋ ನೋಡಾಕ ಬಂದಿಯೇನು?"

ವಿಷಯ ಹೇಳಿದೆ. ಒಳಗೆ ಔಷಧಿ ಹಾಕಿ ಮುಚ್ಚಿದ್ದ ಸಣ್ಣ ಬಾಟಲಿಗಳನ್ನು ತೆಗೆದರು. "ಈ ಗೆರಿ ತನಕ ನೀರು ಹಾಕು. ಒಳಗ ಕೈ ತಾಗಿಸಬ್ಯಾಡ. ಬೆಚ್ಚನ ಜಾಗಾದಾಗ ಎರಡು ದಿನ ಇಡು. ಕಪ್ಪಾತಂದ್ರ ಹೇಲು ಕೂಡ್ಯದ ಅಂತ ತಿಳಿ."

"ನಾಕು ಕೊಡ್ರಿ."

"ನಾಕು? ಯಾರ ಮ್ಯಾಲ ಕೇಸ್ ಹಾಕಾಕಿ?"

ನಾನು ನಗಲಿಲ್ಲ.

ಮುಂದಿನ ನೀರಿನ ದಿನ ನಮ್ಮ ನಳದ್ದೊಂದು ಬಾಟಲಿ ತುಂಬಿ ಪಕ್ಕದ ಮನೆಗೆ ಹೋದೆ. "ಅಕ್ಕಾ, ಒಂದು ಲೋಟ ನಳದ ನೀರು ಕೊಡ್ರಿ, ಸಾಲಿ ಹುಡುಗರಿಗೆ ತೋರ್ಸೋದದ." ಇದು ಮಾತ್ರ ಸುಳ್ಳು.

"ನಿಮ್ಮ ನಳದಾಗ ಬರಂಗಿಲ್ಲೇನು ಟೀಚರಬಾಯಿ?" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, ಆಕೆ ಒಳಗೆ ಹೋಗಿ ಲೋಟ ತಂದುಕೊಟ್ಟಳು.

ಎರಡು ದಿನಕ್ಕೆ ನಮ್ಮದು ಮಸಿಯಂತೆ ಕಪ್ಪಾಯಿತು. ಆಕೆಯದು ಇದ್ದಂತೆಯೇ ಇತ್ತು. ಪಾಯಖಾನೆಗೆ ಅವರ ನಳವೇ ಹತ್ತಿರ. ಹಾಗಿದ್ದರೆ ಹೊಲಸು ನಮ್ಮಲ್ಲಿಗಷ್ಟೇ ಹೇಗೆ ಬಂತು?

ನಮ್ಮ ಓಣಿಯಲ್ಲಿ ನೀರು ಐದು ದಿನಕ್ಕೊಮ್ಮೆ, ಅದೂ ಜೋರಿಲ್ಲದೆ ಬರುತ್ತದೆ. ಅದಕ್ಕೆ ಎಲ್ಲರೂ ಮನೆ ಮುಂದೆ ಗುಂಡಿ ತೋಡಿ ನಳವನ್ನು ನೆಲದ ಕೆಳಗೆ ಇಳಿಸಿದ್ದಾರೆ. ಕೊಡವನ್ನೂ ಗುಂಡಿಯಲ್ಲಿಟ್ಟೇ ತುಂಬುವುದು. ನೀರು ಬಂದ ಸಪ್ಪಳ ಕೇಳಲೆಂದು ನಳವನ್ನು ಯಾರೂ ಬಂದ್ ಮಾಡುವುದಿಲ್ಲ. ಮುಂದಿನ ಸಲ ಕೊಡ ಎತ್ತಿಟ್ಟ ಮೇಲೂ ನಾನು ಗುಂಡಿಯ ಹತ್ತಿರವೇ ಕುಳಿತೆ. ನೀರು ನಿಂತಿತು. ಗುಂಡಿಯ ಗಟಾರದ ಕಡೆಯ ಗೋಡೆಯಿಂದ ಸಣ್ಣಗೆ ರಾಡಿ ಜಿನುಗಿ, ಚೆಲ್ಲಿದ ನೀರಿನ ಜೊತೆ ಸೇರಿತ್ತು; ಅದರಲ್ಲಿ ನಳದ ಬಾಯಿ ಮುಳುಗಿತ್ತು. ಒಮ್ಮೆಲೆ ಗುಳುಗುಳು ಎಂದು, ಗುಂಡಿಯ ನೀರು ಇಳಿಯತೊಡಗಿತು. ಖಾಲಿಯಾಗುತ್ತಿದ್ದ ಪೈಪು ಅದನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ಮುಂದಿನ ಸಲ ನಮ್ಮ ಕೊಡಕ್ಕೆ ಮೊದಲು ಬೀಳುವುದು ಅದೇ.

ಓಣಿಯಲ್ಲಿ ಎಲ್ಲಕ್ಕಿಂತ ಆಳದ ಗುಂಡಿ ನಮ್ಮದು. ಗಟಾರಕ್ಕಿಂತ ಆಳ. ಅಗೆಸಿದವಳು ನಾನು. ಮದುವೆಯಾಗಿ ಬಂದ ವರ್ಷವೇ, ನೀರು ತಗ್ಗಿದ್ದಲ್ಲಿಗೆ ಹೆಚ್ಚು ಬರುತ್ತದೆಂದು ಲೆಕ್ಕ ಹೇಳಿ ಇನ್ನೆರಡು ಗೇಣು ಇಳಿಸಿದ್ದೆ. ಮುಂದಿನ ಸಲವೇ ನೀರು ಎಲ್ಲರಿಗಿಂತ ಮೊದಲು ನಮಗೆ ಬಂದಿತ್ತು. ಈ ಮನೆಯಲ್ಲಿ ನನ್ನ ಡಿಗ್ರಿಗೆ ಬೆಲೆ ಬಂದದ್ದೇ ಆ ಗುಂಡಿಯಿಂದ.

"ಗುಂಡಿ ಮುಚ್ಚಸ್ಬೇಕು ಅತ್ತೀ. ನಳ ಮ್ಯಾಲೆತ್ತಬೇಕು."

"ನೀನಽ ಅಗಿಸಿದಿ, ನೀನಽ ಮುಚ್ಚು ಅಂತಿ. ಎಂಟು ಕೊಡಾ ಬರೋದು ನಾಕು ಬರ್ತಾವ."

"ನಾಕಽ ಬರ್ಲಿ. ಹುಡುಗಿ ಉಳೀಬೇಕಲ್ಲ."

ಅತ್ತೆ ಮಲಗಿದ್ದ ಮೊಮ್ಮಗಳ ಕಡೆ ನೋಡಿ, ಗಾರೆ ಕೆಲಸದ ಗೌಂಡಿಗೆ ಹೇಳಿಕಳಿಸಿದರು.

ಗೌಂಡಿ ಗುಂಡಿ ತುಂಬುತ್ತಿದ್ದಾಗ ಪಕ್ಕದ ಅಕ್ಕ ಬಂದು ನಿಂತಳು. ನಿಜ ಹೇಳಿಬಿಟ್ಟೆ: ನಿಮ್ಮ ಪಾಯಖಾನೆಯ ಮೇಲೆ ಸಂಶಯ ಇತ್ತು, ಅದಕ್ಕೇ ನೀರು ಒಯ್ದಿದ್ದೆ, ತಪ್ಪು ನನ್ನದೇ.

"ಗೊತ್ತಿತ್ತು," ಎಂದಳು. "ಕಿಡಕ್ಯಾಗ ನಿಂತು ನೋಡೋದು ಕಾಣಸಂಗಿಲ್ಲೇನು? ಅದಕ್ಕಽ ಅವತ್ತು ನಿಮಗ ಕ್ಯಾನಿನ ನೀರು ಕೊಟ್ಟೆ."

ಅಂದರೆ ಆಕೆಯ ನಳದ ನೀರು ಪರೀಕ್ಷೆಯೇ ಆಗಿರಲಿಲ್ಲ.

ಎರಡು ಬಾಟಲಿ ಉಳಿದಿದ್ದವು. ಮುಂದಿನ ನೀರಿನ ದಿನ ಒಬ್ಬರ ಕಣ್ಣೆದುರಿಗೆ ಒಬ್ಬರು ತುಂಬಿದೆವು. ಆಗಲೂ ಆಕೆಗೆ ನನ್ನ ಮೇಲೆ ನಂಬಿಕೆ ಇಲ್ಲ, ನನಗೆ ಆಕೆಯ ಮೇಲೆ ಇಲ್ಲ. ಕೊನೆಗೆ ನಮ್ಮ ಬಾಟಲಿ ಆಕೆ ಒಯ್ದಳು, ಆಕೆಯದು ನಾನು ಇಟ್ಟುಕೊಂಡೆ.

ಎರಡನೆಯ ದಿನ ಆಕೆ ತಂದ ನಮ್ಮ ಬಾಟಲಿ ಬಣ್ಣ ಬದಲಿಸಿರಲಿಲ್ಲ. ನಾನು ತೆಗೆದ ಆಕೆಯದು ಕಪ್ಪಗಿತ್ತು.

"ಇದರಾಗ ನೀವೇನರ ಹಾಕೀರಿ," ಎಂದಳು.

"ಹಾಕಿಲ್ಲಕ್ಕಾ."

ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ನಮ್ಮ ನಳದ ಹತ್ತಿರ ಕುಳಿತು, ಅದು ನೆಲದಿಂದ ಎಷ್ಟು ಮೇಲಿದೆ ಎಂದು ತನ್ನ ಗೇಣಿನಿಂದಲೇ ಅಳೆಯತೊಡಗಿದಳು. ನಾನು ಹೇಳಿದ ಅಳತೆಯನ್ನು ಆಕೆ ನಂಬಲಿಲ್ಲ.